ಬೆನ್ನಿಗೆ ತಿರುಗಿಸಿದ ಪದಕ

ಅವಳನ್ನು ಇಲ್ಲಿ ಮಾರಿಸೋಲ್ ಅಂತ ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ವಯಸ್ಸು 19. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಹುಡುಗಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇನ್ನೊಬ್ಬ ಹುಡುಗಿಯ ಕಥೆಯ ಒಂದೆರಡು ಎಳೆಗಳೂ ಇದರಲ್ಲಿ ಸೇರಿವೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ.

ನಾನು ಅಲ್ಲಿನ ಒಂದು ಕಮ್ಯುನಿಟಿ ಕಾಲೇಜಿನ ಹೆಲ್ತ್ ಸೆಂಟರಿನಲ್ಲಿ ಆಪ್ತಸಲಹೆಗಾರ್ತಿ. ಹೆದ್ದಾರಿ 101ರ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಲೆಟ್ಯೂಸ್ ಮತ್ತು ಸ್ಟ್ರಾಬೆರಿ ಹೊಲ. ಬೆಳಗಿನ ಜಾವ ಆ ಹೊಲಗಳಿಗೆ ಹೋಗುವವರಲ್ಲಿ ಬಹುಪಾಲು ಜನ ಮೆಕ್ಸಿಕೋದಿಂದ ಬಂದವರು. ಅವರ ಮಕ್ಕಳು ನಮ್ಮ ಕಾಲೇಜಿಗೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೇ ತಲೆ ಇವರದ್ದೇ.

ಮಾರಿಸೋಲ್ ಬಂದಿದ್ದು ಗರ್ಭ ಪರೀಕ್ಷೆಗೆ. ಮುಟ್ಟು ಒಂಬತ್ತು ದಿನ ತಡವಾಗಿತ್ತು. ಫಲಿತಾಂಶ ನೆಗೆಟಿವ್ ಬಂತು. ನಮ್ಮ ನರ್ಸ್ ಅಷ್ಟಕ್ಕೇ ಬಿಡದೆ ಮೂತ್ರದ ಮಾದರಿಯನ್ನು ಕ್ಲಮೀಡಿಯಾ ಪರೀಕ್ಷೆಗೂ ಕಳಿಸಿದರು, ಅದು ಪಾಸಿಟಿವ್. ಜೊತೆಗೆ ಕುಡಿತದ ಬಗ್ಗೆ ಎಲ್ಲರಿಗೂ ಕೇಳುವ ಮೂರು ಪ್ರಶ್ನೆ ಕೇಳಿದರು: ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಕುಡಿಯುತ್ತೀರಿ, ಒಂದೇ ಸಲಕ್ಕೆ ಜಾಸ್ತಿ ಕುಡಿದಿದ್ದು ಎಷ್ಟು ಸಲ. ಇದನ್ನು ಆಡಿಟ್-ಸಿ ಅನ್ನುತ್ತಾರೆ. 12ಕ್ಕೆ ಅಂಕ. ಹೆಣ್ಣುಮಕ್ಕಳಿಗೆ 3 ಬಂದರೇ ಕೂತು ಮಾತಾಡಬೇಕು. ಅವಳಿಗೆ 6 ಬಂದಿತ್ತು. ಹಾಗಾಗಿ ನನ್ನ ಕೋಣೆಗೆ ಕಳಿಸಿದರು.

ಕ್ಲಮೀಡಿಯಾದ ಮಾತು ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭದ ಭಾಗ. ಬ್ಯಾಕ್ಟೀರಿಯಾದಿಂದ ಬರುವ, ಲೈಂಗಿಕ ಸಂಪರ್ಕದಲ್ಲಿ ಹರಡುವ ಸೋಂಕು ಅದು. ಹೆಚ್ಚಿನ ಹೆಣ್ಣುಮಕ್ಕಳಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಸುಮ್ನೆ ಬಿಟ್ಟರೆ ಮೇಲೆ ಹತ್ತಿ ಗರ್ಭನಾಳಕ್ಕೆ ಪೆಟ್ಟು ಕೊಡಬಹುದು, ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಲೈಂಗಿಕ ಸಂಪರ್ಕ ಇರುವ 25ರೊಳಗಿನ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು ಇದಕ್ಕೇ. ಅವಳಿಗೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟರು, ದಿನಕ್ಕೆ ಎರಡು ಸಲ, ಏಳು ದಿನ. ಅವಳ ಜೊತೆಗಿದ್ದ ಹುಡುಗನಿಗೂ ಮಾತ್ರೆ ಬೇಕು, ಇಲ್ಲದಿದ್ದರೆ ಅದೇ ಸೋಂಕು ಮತ್ತೆ ಬರುತ್ತದೆ. ಸಂಗಾತಿಯನ್ನು ನೋಡದೆಯೇ ಅವನ ಮಾತ್ರೆಯನ್ನೂ ಇವಳ ಕೈಗೇ ಕೊಡಲು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅವಕಾಶ ಇದೆ. ಮೂರು ತಿಂಗಳಾದ ಮೇಲೆ ಮತ್ತೊಂದು ಪರೀಕ್ಷೆ.

ಮೊದಲ ದಿನ ನಾನೇ ಒಂದು ತಪ್ಪು ಮಾಡಿದೆ. ಅವಳು ರಾತ್ರಿ ಹನ್ನೊಂದರೊಳಗೆ ಮನೆ ಸೇರಬೇಕು ಅಂದಳು. ಅಣ್ಣನಿಗೆ ಆ ನಿಯಮ ಇಲ್ಲ ಅಂದಳು. ನಾನು, "ನಿಮ್ಮ ಮನೆಯವರು ತುಂಬಾ ಸ್ಟ್ರಿಕ್ಟ್ ಅಲ್ವಾ?" ಅಂದುಬಿಟ್ಟೆ. ಅವಳ ಮುಖ ತಕ್ಷಣ ಬಿಗಿಯಾಯಿತು. "ನಮ್ಮಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ನನಗೆ ಊಟದ ಡಬ್ಬಿ ಕಟ್ಟಿ ಸ್ಟ್ರಾಬೆರಿ ಕೀಳೋಕೆ ಹೋಗ್ತಾರೆ. ಅವರ ಬಗ್ಗೆ ಕೆಟ್ಟದ್ದು ಹೇಳೋಕೆ ನಾನು ಇಲ್ಲಿಗೆ ಬಂದಿಲ್ಲ." ಆಮೇಲಿನ ಅರ್ಧ ಗಂಟೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ನೀರಿನ ಬಾಟಲಿಯ ಲೇಬಲನ್ನು ಉಗುರಲ್ಲಿ ಕೆರೆದು ಕೆರೆದು ಪೂರ್ತಿ ತೆಗೆದಿಟ್ಟು ಹೋದಳು.

ತುಮಕೂರಿನಲ್ಲಿ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ನಮ್ಮಮ್ಮನ ಬಗ್ಗೆ ನಾನು ಎಷ್ಟು ಬೇಕಾದರೂ ಗೊಣಗಬಹುದು, ಹೊರಗಿನವರು ಒಂದು ಮಾತಾಡಿದರೆ ಸಹಿಸೋಕಾಗಲ್ಲ. ಮೆಕ್ಸಿಕೋ ಮೂಲದ ಮನೆಗಳಲ್ಲಿ ಕುಟುಂಬ ಎಲ್ಲದಕ್ಕಿಂತ ಮೊದಲು. ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಫಮಿಲಿಸ್ಮೊ ಅನ್ನುತ್ತಾರೆ. ಎಷ್ಟೋ ಹುಡುಗಿಯರನ್ನು ಕುಡಿತದಿಂದ ದೂರ ಇಟ್ಟಿರುವುದೂ ಅದೇ. ಎರಡನೇ ಭೇಟಿಯ ಶುರುವಿನಲ್ಲೇ ಕ್ಷಮೆ ಕೇಳಿದೆ. ಅವಳು ತಲೆ ಎತ್ತಿ ನೋಡಿದಳು. ಆಗ ಕುತ್ತಿಗೆಯ ಸರದ ಪದಕ ಕಾಣಿಸಿತು. ಗ್ವಾದಲೂಪೆಯ ಕನ್ಯಾಮಾತೆ, ಅಂದರೆ ಮೆಕ್ಸಿಕೋದ ಜನ ಪೂಜಿಸುವ ಮೇರಿ, ಸುತ್ತ ಕಿರಣ, ಅಂಚು ಸವೆದು ನುಣ್ಣಗಾಗಿದೆ. ಹದಿನೈದು ತುಂಬಿದಾಗ ಕಿನ್ಸೆಆನ್ಯೇರಾ ಹಬ್ಬಕ್ಕೆ ಅಜ್ಜಿ ಮೆಕ್ಸಿಕೋದ ಮಿಚೊಆಕಾನ್‌ನಿಂದ ಕಳಿಸಿದ್ದಂತೆ.

"ಕುಡಿಯೋಕೆ ಮುಂಚೆ ಇದನ್ನ ಬೆನ್ನ ಕಡೆಗೆ ತಿರುಗಿಸಿಕೊಳ್ತೀನಿ," ಅಂದಳು. "ಅವಳು ನೋಡಬಾರದು ಅಂತ."

ಆ ಮಾತಿನ ಮೇಲೇ ಆವತ್ತಿನ ಗಂಟೆ ಪೂರ್ತಿ ಹೋಯಿತು.

ಅವಳ ಮನೆಯ ಭಾನುವಾರ ಹೀಗೆ. ಹಿತ್ತಲಲ್ಲಿ ಅಪ್ಪ ಕಾರ್ನೆ ಅಸಾದಾಗೆ ಮಾಂಸ ಸುಡುತ್ತಾರೆ. ನೆಂಟರಿಷ್ಟರು ಸೇರುತ್ತಾರೆ. ಐಸ್ ತುಂಬಿದ ಕೂಲರ್‌ನಿಂದ ಬಿಯರ್ ತೆಗೆದು ಗಂಡಸರ ಕೈಗೆ ಕೊಡುವ ಕೆಲಸ ಮಾರಿಸೋಲ್‌ಳದ್ದು, ಹತ್ತು ವರ್ಷದವಳಿದ್ದಾಗಿನಿಂದ. ಅಣ್ಣ ಹದಿನಾರಕ್ಕೇ ಅಪ್ಪನ ಪಕ್ಕ ನಿಂತು ಕುಡಿದ, ಎಲ್ಲರೂ ಬೆನ್ನು ತಟ್ಟಿದರು. ಅಮ್ಮ, ಚಿಕ್ಕಮ್ಮಂದಿರು ಕುಡಿಯುವುದಿಲ್ಲ. ಒಬ್ಬ ಅತ್ತೆ ಕುಡಿಯುತ್ತಾಳೆ, ಅವಳ ಮಾತು ಬಂದರೆ ದನಿ ತಗ್ಗುತ್ತದೆ. ಬಾಟಲಿ ಪ್ರತಿ ಭಾನುವಾರ ಕೈಯಲ್ಲಿ ಹಾದುಹೋಗುತ್ತಿದ್ದರೂ ಅದರೊಳಗಿನದ್ದರ ಬಗ್ಗೆ ಅವಳಿಗೆ ಯಾರೂ ಒಂದಕ್ಷರ ಹೇಳಿಕೊಟ್ಟಿಲ್ಲ. ಲೈಂಗಿಕತೆಯ ವಿಷಯದಲ್ಲೂ ಅಷ್ಟೇ. ಅಮ್ಮ ಹೇಳಿದ್ದು ಒಂದೇ ಮಾತು, "ದಾತೆ ಅ ರೆಸ್ಪೆತಾರ್, ಮೀಹಾ." ನಿನ್ನ ಮರ್ಯಾದೆ ನೀನು ಉಳಿಸಿಕೋ ಮಗಳೇ ಅಂತ. ಹೇಗೆ ಅಂತ ಹೇಳಲಿಲ್ಲ.

ಹೆಣ್ಣು ಅಂದರೆ ತಾಳ್ಮೆ, ಪಾವಿತ್ರ್ಯ, ತ್ಯಾಗ, ಕನ್ಯೆ ಮೇರಿಯ ಹಾಗೆ ಇರಬೇಕು ಅನ್ನುವ ಈ ನಿರೀಕ್ಷೆಗೆ ಮರಿಯಾನಿಸ್ಮೊ ಅಂತ ಹೆಸರು. ರಾಜ್ಯಶಾಸ್ತ್ರಜ್ಞೆ ಎವೆಲಿನ್ ಸ್ಟೀವನ್ಸ್ 1973ರಲ್ಲಿ ಬಳಕೆಗೆ ತಂದ ಪದ. ಗಂಡಸಿನ ಕಡೆಯ ಜೋಡಿ ಪದ ಮಚಿಸ್ಮೊ, ಗಂಡಸು ಅಂದರೆ ಗತ್ತು, ಅಧಿಕಾರ ಅನ್ನುವ ನಿರೀಕ್ಷೆ. ಇವೆರಡನ್ನೂ ಹಿಡಿದು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಸಂಸ್ಕೃತಿಯೇ ರೋಗ ಅನ್ನುವವರು ನನ್ನ ವೃತ್ತಿಯಲ್ಲೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. 2020ರ ಜನಗಣತಿಯಲ್ಲಿ ಅಮೆರಿಕದ ಲ್ಯಾಟಿನೋ ಜನ 6.2 ಕೋಟಿ. ಮೆಕ್ಸಿಕೋ, ಪೋರ್ಟೊರಿಕೋ, ಎಲ್ ಸಾಲ್ವಡೋರ್, ಕ್ಯೂಬಾ, ಒಂದೊಂದು ಕಡೆಯಿಂದ ಬಂದವರ ರೀತಿ ಒಂದೊಂದು. ಸಂಶೋಧಕರು ಮತ್ತೆ ಮತ್ತೆ ಕಂಡಿರುವುದು ಏನೆಂದರೆ, ಹೊಸದಾಗಿ ವಲಸೆ ಬಂದ ಲ್ಯಾಟಿನಾ ಹೆಂಗಸರು ಕುಡಿಯುವುದು ಕಡಿಮೆ, ಎಷ್ಟೋ ಜನ ಮುಟ್ಟುವುದೇ ಇಲ್ಲ. ಇಲ್ಲೇ ಹುಟ್ಟಿ ಬೆಳೆದ ಹೆಣ್ಣುಮಕ್ಕಳಲ್ಲಿ ಕುಡಿತ ಏರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಈ ಏರಿಕೆ ಎದ್ದು ಕಾಣುತ್ತದೆ. ಮಾರಿಸೋಲ್ ನಿಂತಿದ್ದು ಸರಿಯಾಗಿ ಆ ಸಂದಿಯಲ್ಲಿ. ಕಾಲೇಜಿನ ಗೆಳತಿಯರಿಗೆ ಕುಡಿಯುವುದು ಮಾಮೂಲಿ, ಮನೆಯಲ್ಲಿ ಅದು ಹಾಳಾದ ಹೆಣ್ಣಿನ ಲಕ್ಷಣ.

ಹಾಗಾಗಿ ಅವಳು ಕುಡಿಯುವ ರೀತಿಯೇ ಬೇರೆ ಆಗಿತ್ತು. ಬಿಯರ್ ಮುಟ್ಟುವುದಿಲ್ಲ, ವಾಸನೆ ಬರುತ್ತದೆ. ವೋಡ್ಕಾ. ಊಟ ಮಾಡುವುದಿಲ್ಲ, ಖಾಲಿ ಹೊಟ್ಟೆಗೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ ಅಂತ ಅವಳ ಲೆಕ್ಕ. ಒಂಬತ್ತಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸಬೇಕು, ಹನ್ನೊಂದಕ್ಕೆ ಮನೆ. ಜಾಗ, ಹುಡುಗನ ಕಾರು.

ಒಂದು ದಿನ ಕೋಣೆಗೆ ಕೆಂಪು ಪ್ಲಾಸ್ಟಿಕ್ ಲೋಟ ಮತ್ತು ನೀರು ತಂದಿಟ್ಟೆ. "ನೀನು ಯಾವಾಗಲೂ ಹಾಕಿಕೊಳ್ಳೋ ಅಷ್ಟು ಹಾಕು," ಅಂದೆ. ಹಾಕಿದಳು. ಅದನ್ನು ಅಳತೆ ಲೋಟಕ್ಕೆ ಸುರಿದೆ. 130 ಮಿಲಿ. ಅಮೆರಿಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: 355 ಮಿಲಿ ಬಿಯರ್, ಇಲ್ಲವೇ 148 ಮಿಲಿ ವೈನ್, ಇಲ್ಲವೇ 44 ಮಿಲಿ ವೋಡ್ಕಾ. ಅವಳ ಒಂದು ಲೋಟ ಅಂದರೆ ಮೂರು ಡ್ರಿಂಕ್. "ಎರಡೇ ಲೋಟ" ಅಂತ ಇಷ್ಟು ದಿನ ಹೇಳುತ್ತಿದ್ದವಳು ಒಂದೂವರೆ ಗಂಟೆಯಲ್ಲಿ ಆರು ಡ್ರಿಂಕ್ ಕುಡಿಯುತ್ತಿದ್ದಳು. ಹೆಂಗಸರು ಎರಡು ಗಂಟೆಯಲ್ಲಿ ನಾಲ್ಕು ಕುಡಿದರೇ ಅಪಾಯದ ಮಟ್ಟ. ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಿಮೆ, ಅಷ್ಟೇ ಕುಡಿದರೂ ರಕ್ತದಲ್ಲಿ ಜಾಸ್ತಿ ಏರುತ್ತದೆ. ಇಳಿಯುವುದು ಗಂಟೆಗೆ ಸುಮಾರು ಒಂದು ಡ್ರಿಂಕ್ ಲೆಕ್ಕದಲ್ಲಿ. ಹನ್ನೊಂದಕ್ಕೆ ಮನೆ ಸೇರಿದಾಗ ಬಹುಪಾಲು ಮೈಯಲ್ಲೇ ಇರುತ್ತಿತ್ತು. ಅವಳು ಅಳತೆ ಲೋಟವನ್ನು ತುಂಬಾ ಹೊತ್ತು ನೋಡಿದಳು. "ಬಾಗಿಲಲ್ಲಿ ಅಮ್ಮನಿಗೆ ಮುತ್ತು ಕೊಡದೆ ಸೀದಾ ಸ್ನಾನಕ್ಕೆ ಹೋಗ್ತಿದ್ದೆ," ಅಂದಳು.

ಇನ್ನು ಕಾಂಡೋಮ್. ಬಳಸಿದ್ದು ಅಪರೂಪ. ಗೊತ್ತಿರಲಿಲ್ಲ ಅಂತಲ್ಲ, ಶಾಲೆಯಲ್ಲಿ ಪಾಠ ಆಗಿತ್ತು. "ಮತ್ಯಾಕೆ?" ಅಂದೆ. ಅವಳು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ.

"ಬ್ಯಾಗಲ್ಲಿ ಇಟ್ಟುಕೊಂಡರೆ ಮೊದಲೇ ಯೋಚನೆ ಮಾಡಿದ್ದೆ ಅಂತ ಆಗತ್ತೆ. ಕುಡಿದಿದ್ದಾಗ ಆಗಿಬಿಟ್ಟರೆ, ಆಗಿಹೋಯ್ತು ಅಷ್ಟೇ. ಅದು ನಾನಲ್ಲ."

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ನೇರವಾಗಿ ಇದನ್ನು ಯಾರೂ ಹೇಳಿರಲಿಲ್ಲ. ಬಯಸುವುದಕ್ಕೆ ಅಪ್ಪಣೆ ಇಲ್ಲದ ಹುಡುಗಿಗೆ ಕುಡಿತ ನೆಪ ಆಗುತ್ತದೆ. ತಯಾರಿ ಮಾಡಿಕೊಂಡರೆ ಪಾಪ, ಮೈಮರೆತರೆ ತಪ್ಪು. ತಪ್ಪಿಗೆ ಮಾಫಿ ಇದೆ, ಪಾಪಕ್ಕೆ ಇಲ್ಲ ಅಂತ ಅವಳ ಮನಸ್ಸಿನ ಲೆಕ್ಕ. ಹಾಗಾಗಿ ಕುಡಿತ ಮತ್ತು ಕಾಂಡೋಮ್ ಇಲ್ಲದ ಸಂಬಂಧ, ಇವು ಎರಡು ಬೇರೆ ಬೇರೆ ಸಮಸ್ಯೆ ಆಗಿರಲಿಲ್ಲ. ಕುಡಿಯಬೇಡ ಅಂತ ಒಬ್ಬರು, ಕಾಂಡೋಮ್ ಬಳಸು ಅಂತ ಇನ್ನೊಬ್ಬರು ಹೇಳಿಕೊಂಡು ಕೂತಿದ್ದರೆ ಅವಳು ತಲೆಯಾಡಿಸಿ ಎದ್ದು ಹೋಗುತ್ತಿದ್ದಳು.

ಒಮ್ಮೆ ಅವಳೇ ಕಾಂಡೋಮ್ ಬಳಸೋಣ ಅಂತ ಕೇಳಿದ್ದಳಂತೆ. 22 ವರ್ಷದ ಆ ಹುಡುಗ ಹೇಳಿದ್ದು, "ನಿನಗೆ ಇದೆಲ್ಲ ಹೇಗೆ ಗೊತ್ತು? ಮುಂಚೆ ಯಾರ ಜೊತೆ ಇದ್ದೆ?" ಆಮೇಲೆ ಅವಳು ಬಾಯಿ ಬಿಡಲಿಲ್ಲ. ಸ್ಪ್ಯಾನಿಷ್‌ನಲ್ಲಿ ಒಂದು ಗಾದೆ ಇದೆ, "ಕಯಾದೀತಾ ತೆ ವೇಸ್ ಮಾಸ್ ಬೊನೀತಾ." ಸುಮ್ಮನಿದ್ದರೇ ನೀನು ಚೆಂದ. ಹೆಣ್ಣುಮಕ್ಕಳು ಚಿಕ್ಕಂದಿನಿಂದ ಕೇಳಿಕೊಂಡು ಬರುವ ಮಾತು.

ನಾಲ್ಕನೇ ಭೇಟಿಯಲ್ಲಿ ನನಗೆ ಭಯ ಇದ್ದ ಪ್ರಶ್ನೆ ಕೇಳಿದೆ. ಏನೂ ನೆನಪಿಲ್ಲದ ರಾತ್ರಿಗಳು ಇವೆಯಾ ಅಂತ. ಎರಡು ಇದ್ದವು. ಒಂದು ರಾತ್ರಿ ಕಾರಿನ ಬಾಗಿಲು ಹಾಕಿದ್ದು ನೆನಪಿದೆ, ಆಮೇಲೆ ಮನೆಯ ಬಾತ್‌ರೂಮಿನ ಟೈಲ್ಸ್ ನೆನಪಿದೆ. ನಡುವಿನದ್ದು ಇಲ್ಲ. ಇದಕ್ಕೆ ಬ್ಲ್ಯಾಕ್‌ಔಟ್ ಅನ್ನುತ್ತೇವೆ. ಆಗ ಮನುಷ್ಯ ಎಚ್ಚರ ಇರಬಹುದು, ಮಾತಾಡಬಹುದು, ನಡೆಯಬಹುದು, ಆದರೆ ಮೆದುಳು ನೆನಪನ್ನು ಕೂಡಿಡುವುದು ನಿಲ್ಲಿಸಿರುತ್ತದೆ.

"ಆ ರಾತ್ರಿ ನೀನು ಹೂಂ ಅಂದಿದ್ದೆಯಾ?"

"ಅವನು ಅಂದೆ ಅಂತಾನೆ."

ನಾನು ನಿಧಾನವಾಗಿ ಹೇಳಿದೆ. ಕುಡಿದು ಏನು ನಡೀತಿದೆ ಅಂತ ತಿಳಿಯೋ ಶಕ್ತಿ ಇಲ್ಲದವರ ಒಪ್ಪಿಗೆ ಒಪ್ಪಿಗೆ ಅಲ್ಲ. ಅಮಲಿನಲ್ಲಿ ಅರಿವು ತಪ್ಪಿದವರು ಒಪ್ಪಿಗೆ ಕೊಡಲಾರರು ಅಂತ ಕ್ಯಾಲಿಫೋರ್ನಿಯಾ 2014ರಲ್ಲೇ ಕಾಲೇಜುಗಳಿಗೆ ಕಾನೂನು ಮಾಡಿದೆ. ನೀನು ಕುಡಿದಿದ್ದೆ ಅನ್ನೋದು ಅವನಿಗೆ ಪರವಾನಗಿ ಆಗಲ್ಲ. ದೂರು ಕೊಡುವುದು, ಬಿಡುವುದು ನಿನ್ನ ಇಷ್ಟ. ಏನನ್ನೂ ಬಯಲು ಮಾಡದೆ ಮಾತಾಡಲು ಸಂತ್ರಸ್ತರ ಸಹಾಯ ಕೇಂದ್ರದವರು ಇದ್ದಾರೆ. ಅವಳು ಅಳಲಿಲ್ಲ. ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದೂರು ಬೇಡ ಅಂದಳು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವಳ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರ ಸಾಲಿಗೆ ನಾನೂ ಸೇರುತ್ತಿದ್ದೆ. ಮುಂದಿನ ವಾರ ಅವಳೇ ಸಹಾಯ ಕೇಂದ್ರಕ್ಕೆ ಹೋಗಿ ಬಂದಳು. ಇನ್ನೆರಡು ವಾರಕ್ಕೆ ಹುಡುಗನ ನಂಬರನ್ನು ಬ್ಲಾಕ್ ಮಾಡಿದಳು.

ನಾನು ಅವಳಿಗೆ ಕೊಟ್ಟ ಸಲಹೆ ಒಂದೇ ಸಲಕ್ಕೆ ಕೊಟ್ಟಿದ್ದಲ್ಲ, ಹತ್ತು ವಾರದಲ್ಲಿ ಚೂರು ಚೂರಾಗಿ ಬಂದದ್ದು. ಎಲ್ಲಕ್ಕಿಂತ ಮುಖ್ಯವಾದದ್ದು, ಮೈಯ ಬಗ್ಗೆ ತೀರ್ಮಾನ ಎಚ್ಚರದಲ್ಲಿ ಆಗಲಿ ಅನ್ನುವುದು. ಶನಿವಾರ ರಾತ್ರಿ ಏನು ಬೇಕು, ಏನು ಬೇಡ ಅನ್ನೋದನ್ನು ಶನಿವಾರ ಬೆಳಗ್ಗೆ ಕಾಫಿ ಕುಡಿಯುವಾಗ ನಿರ್ಧಾರ ಮಾಡು. ಬೇಡ ಅನ್ನೋದು ಉತ್ತರವಾದರೆ ಅದೂ ಸರಿ. ಬೇಕು ಅನ್ನೋದಾದರೆ ಅದಕ್ಕೆ ಕುಡಿತದ ನೆಪ ಬೇಡ. ಇದನ್ನು ಕೇಳಿ ಅವಳು ತುಂಬಾ ಹೊತ್ತು ಸುಮ್ಮನಿದ್ದಳು, ಆಮೇಲೆ, "ಹಾಗಾದರೆ ನಾನು ಇದನ್ನ ಬಯಸ್ತೀನಿ ಅಂತ ಒಪ್ಪಿಕೊಳ್ಳಬೇಕಾಗತ್ತೆ," ಅಂದಳು. ಹೌದು ಅಂದೆ. ದೇವರ ಜೊತೆ ಅವಳ ಲೆಕ್ಕವನ್ನು ನಾನು ಬಗೆಹರಿಸಲಿಲ್ಲ, ಅದು ನನ್ನ ಕೆಲಸ ಅಲ್ಲ. ಅವಳಿಗೆ ನಂಬಿಕೆ ಇದೆ, ಇರಲಿ. ಬೆನ್ನಿಗೆ ತಿರುಗಿಸದೆಯೂ ಆ ಪದಕ ಹಾಕಿಕೊಳ್ಳಬಹುದಾ ಅಂತ ಮಾತ್ರ ಕೇಳಿದ್ದೆ.

ಕುಡಿತದ ವಿಷಯದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದೆ. ಇಲ್ಲಿ ಮದ್ಯ ಕೊಳ್ಳಲು 21 ಆಗಬೇಕು, ಕುಡಿಯದಿರುವುದೇ ಕ್ಷೇಮ. ಆದರೂ ಕುಡಿಯುತ್ತೀನಿ ಅನ್ನುವುದಾದರೆ ಹೊಟ್ಟೆ ತುಂಬಾ ತಿಂದು ಹೋಗು, ಅಳತೆ ಮಾಡಿ ಹಾಕಿಕೋ, ಎರಡಕ್ಕೆ ನಿಲ್ಲಿಸು. ಕಾರಿನಲ್ಲಿ ಬೇಡ, ಡ್ರೈವ್ ಮಾಡುವವರು ಕುಡಿದಿದ್ದರೆ ಹತ್ತಲೇಬೇಡ. ಕುಡಿಯದ ಗೆಳತಿ ಒಬ್ಬಳು ಜೊತೆಗಿರಲಿ. ಕಾಂಡೋಮ್ ಬಗ್ಗೆ ಎರಡು ವಾಕ್ಯವನ್ನು ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಗಟ್ಟಿಯಾಗಿ ಹೇಳಿ ರೂಢಿ ಮಾಡಿಸಿದೆ. ಇಂಗ್ಲಿಷ್‌ನಲ್ಲಿ ಸರಾಗ ಬಂತು. ಸ್ಪ್ಯಾನಿಷ್‌ನಲ್ಲಿ ಮೂರು ಸಲ ನಾಲಿಗೆ ತೊಡರಿತು. ಅಮ್ಮನ ಭಾಷೆಯಲ್ಲಿ ಆ ಮಾತನ್ನು ಅವಳು ಯಾವತ್ತೂ ಆಡಿಯೇ ಇರಲಿಲ್ಲ.

ತುರ್ತು ಗರ್ಭನಿರೋಧಕ ಮಾತ್ರೆಯ ಮಾತೂ ಬಂತು. ಲೆವೊನೊರ್ಜೆಸ್ಟ್ರೆಲ್ ಮಾತ್ರೆಯನ್ನು ಸಂಪರ್ಕ ಆದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು. 2013ರಿಂದ ಅದಕ್ಕೆ ಡಾಕ್ಟರ ಚೀಟಿಯೂ ಬೇಡ, ವಯಸ್ಸಿನ ಕಟ್ಟಳೆಯೂ ಇಲ್ಲ. ಯೂಲಿಪ್ರಿಸ್ಟಲ್ ಅನ್ನುವ ಇನ್ನೊಂದು ಮಾತ್ರೆ ಐದು ದಿನದವರೆಗೂ ಕೆಲಸ ಮಾಡುತ್ತದೆ, ಅದಕ್ಕೆ ಚೀಟಿ ಬೇಕು. ಇಷ್ಟಿದ್ದರೂ ಅವಳು ತರುತ್ತಿರಲಿಲ್ಲ. ಯಾಕೆಂದರೆ ಊರಿನ ಔಷಧಿ ಅಂಗಡಿಯ ಕೌಂಟರಿನಲ್ಲಿ ಇರುವಾಕೆ ಅಮ್ಮನ ಜೊತೆ ಚರ್ಚಿಗೆ ಬರುವವರು. ಸ್ಪ್ಯಾನಿಷ್‌ನಲ್ಲಿ ಇದಕ್ಕೆ "ಎಲ್ ಕೆ ದಿರಾನ್" ಅನ್ನುತ್ತಾರೆ. ನನಗೆ ಅನುವಾದ ಬೇಕಾಗಲಿಲ್ಲ. ನಾಲ್ಕು ಜನ ಏನಂತಾರೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಬೆಳೆದ ಹುಡುಗಿಯರೂ ಇದೇ ಮಾತನ್ನು ಹೇಳಿ ನನ್ನೆದುರು ತಲೆ ತಗ್ಗಿಸಿದ್ದಾರೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಮನೆಗೆ ಬಿಲ್ ಬಂದರೆ ಅನ್ನುವುದು ಇನ್ನೊಂದು ಭಯ. ಕ್ಯಾಲಿಫೋರ್ನಿಯಾದಲ್ಲಿ ಫ್ಯಾಮಿಲಿ ಪ್ಯಾಕ್ಟ್ ಅನ್ನುವ ಸರ್ಕಾರಿ ಯೋಜನೆ ಇದೆ. ಆದಾಯ ಕಡಿಮೆ ಇರುವವರಿಗೆ ಗರ್ಭನಿರೋಧಕ, ಸೋಂಕಿನ ಪರೀಕ್ಷೆ ಉಚಿತ, ಕ್ಲಿನಿಕ್‌ನಲ್ಲೇ ನಿಂತ ಕಾಲಲ್ಲಿ ನೋಂದಣಿ. ಅಪ್ಪ ಅಮ್ಮನ ವಿಮೆಯಲ್ಲಿ ಇರುವವರು ತಮ್ಮ ಚಿಕಿತ್ಸೆಯ ಕಾಗದ ತಮಗೇ ಬರಲಿ ಅಂತ ವಿಮೆ ಕಂಪನಿಗೆ ಬರೆದುಕೊಡಬಹುದು. ಮಾತ್ರೆಯ ಪಟ್ಟಿ ತಂಗಿಯ ಕಣ್ಣಿಗೆ ಬೀಳುತ್ತದೆ ಅಂತ ಮಾರಿಸೋಲ್ ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್ ಆರಿಸಿಕೊಂಡಳು. ಅದು ಗರ್ಭ ತಡೆಯುತ್ತದೆ, ಸೋಂಕು ತಡೆಯುವುದಿಲ್ಲ, ಕಾಂಡೋಮ್ ಬೇಕೇ ಬೇಕು ಅಂತ ನರ್ಸ್ ಎರಡು ಸಲ ಹೇಳಿದರು.

ಎಂಟನೇ ವಾರ ಅವಳು ಅಮ್ಮನನ್ನು ಕರೆದುಕೊಂಡು ಬಂದಳು. ಆ ಯೋಚನೆ ಅವಳದ್ದೇ. ಏನು ಹೇಳಬೇಕು, ಏನು ಹೇಳಬಾರದು ಅಂತ ನಾವಿಬ್ಬರೂ ಹಿಂದಿನ ದಿನ ಕಾಗದದಲ್ಲಿ ಬರೆದುಕೊಂಡಿದ್ದೆವು. ಕುಡಿತದ ಮಾತು ಹೇಳಿದಳು. ಆ ರಾತ್ರಿಯದ್ದು ಹೇಳಲಿಲ್ಲ. ಅಮ್ಮ ಹೊಲದ ಬೂಟಿನಲ್ಲೇ ಬಂದಿದ್ದರು, ಬೆರಳ ಸಂದಿಯಲ್ಲಿ ಸ್ಟ್ರಾಬೆರಿಯ ಕೆಂಪು ಇನ್ನೂ ಹೋಗಿರಲಿಲ್ಲ. ಮೊದಲು ಬೈದರು. ಆಮೇಲೆ ನನ್ನ ಕಡೆ ತಿರುಗಿ, ಮುರುಕು ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷ್‌ನಲ್ಲಿ ಅಂದರು, "ನನಗೆ ಹದಿನೇಳಕ್ಕೆ ಮದುವೆ ಆಯ್ತು ಮೇಡಂ. ನನಗೆ ಯಾರೂ ಏನೂ ಹೇಳಿಕೊಡಲಿಲ್ಲ. ನಾನು ಏನಂತ ಹೇಳಿಕೊಡಲಿ?"

ಅವರಿಗೆ ನಾನು ಕೇಳಿಕೊಂಡಿದ್ದು ಎರಡೇ. ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಮಗಳು ಫೋನ್ ಮಾಡಿದರೂ ಮೊದಲು ಕರೆದುಕೊಂಡು ಬನ್ನಿ, ಬೈಯುವುದು ಮಾರನೇ ದಿನಕ್ಕಿರಲಿ. ಮತ್ತೆ ಮಗನಿಗೂ ಇದೇ ಮಾತು ಹೇಳಿ, ಕುಡಿತದ್ದೂ, ಹುಡುಗಿಯರ ವಿಷಯದ್ದೂ. ಮೊದಲನೆಯದಕ್ಕೆ ತಕ್ಷಣ ಒಪ್ಪಿದರು. ಎರಡನೆಯದಕ್ಕೆ, "ಅದು ಅವರಪ್ಪ ಹೇಳಬೇಕು," ಅಂದರು. ಅಷ್ಟಕ್ಕೇ ಬಿಟ್ಟೆ. ಕೂಲರ್‌ನಿಂದ ಬಿಯರ್ ತೆಗೆದುಕೊಡುವ ಕೆಲಸ ಮಾತ್ರ ಆ ಭಾನುವಾರದಿಂದ ಅಣ್ಣನ ಪಾಲಿಗೆ ಹೋಯಿತಂತೆ.

ಮೂರು ತಿಂಗಳ ಪರೀಕ್ಷೆಯಲ್ಲಿ ಕ್ಲಮೀಡಿಯಾ ಇರಲಿಲ್ಲ. ಆಡಿಟ್-ಸಿ ಅಂಕ 2ಕ್ಕೆ ಇಳಿದಿತ್ತು. ಒಂದು ಸಲ ಜಾರಿದ್ದಳು, ಸೋದರ ಸಂಬಂಧಿಯ ಮದುವೆಯಲ್ಲಿ ನಾಲ್ಕು ಡ್ರಿಂಕ್. ಆ ರಾತ್ರಿ ಫೋನ್ ಮಾಡಿದ್ದು ಅಮ್ಮನಿಗೆ. ಅಮ್ಮ ಬಂದು ಕರೆದುಕೊಂಡು ಹೋದರು, ದಾರಿಯುದ್ದಕ್ಕೂ ಮಾತಾಡಲಿಲ್ಲ, ಬೆಳಗ್ಗೆ ಬೈದರು.

ಪರೀಕ್ಷೆಯ ದಿನ ಅಮ್ಮನೂ ಜೊತೆಗೆ ಬಂದಿದ್ದರು, 16ರ ತಂಗಿಯನ್ನು ಕರೆದುಕೊಂಡು. ತಂಗಿಗೆ ಎಚ್‌ಪಿವಿ ಲಸಿಕೆ ಹಾಕಿಸಿರಲಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಅದು. 11-12ರಲ್ಲೇ ಹಾಕಿಸಬೇಕು, ತಪ್ಪಿದವರು 26ರವರೆಗೂ ಹಾಕಿಸಬಹುದು.  ಅಮೆರಿಕದಲ್ಲಿ ಈ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಲ್ಯಾಟಿನಾ ಹೆಂಗಸರಿಗೆ ಜಾಸ್ತಿ ಬರುತ್ತದೆ. ಎಲ್ಲಿ ಹಾಕಿಸಬೇಕು ಅಂತ ವಿಳಾಸ ಬರೆದುಕೊಡುತ್ತಾ ನರ್ಸ್ ಅಮ್ಮನನ್ನು ಸುಮ್ನೆ ಕೇಳಿದರು, ನೀವು ಕೊನೆಯ ಸಲ ಪ್ಯಾಪ್ ಪರೀಕ್ಷೆ, ಅಂದರೆ ಈ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆ, ಮಾಡಿಸಿಕೊಂಡಿದ್ದು ಯಾವಾಗ ಅಂತ.

ಅಮ್ಮ ಚಿಕ್ಕ ಮಗಳ ಕಡೆ ತೋರಿಸಿದರು. "ಇವಳು ಹೊಟ್ಟೆಯಲ್ಲಿದ್ದಾಗ."

ಮಾರಿಸೋಲ್ ಎದ್ದು ಹೋಗಿ ರಿಸೆಪ್ಷನ್‌ನಿಂದ ಊರಿನ ಕ್ಲಿನಿಕ್‌ಗೆ ಫೋನ್ ಮಾಡಿದಳು. ಸ್ಪ್ಯಾನಿಷ್‌ನಲ್ಲಿ, ಗಟ್ಟಿ ದನಿಯಲ್ಲಿ, ಅಮ್ಮನ ಹೆಸರು ಹುಟ್ಟಿದ ದಿನಾಂಕ ಎಲ್ಲ ಹೇಳಿ ಮುಂದಿನ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಗುರುವಾರ ಕೆಲಸ ಇದೆ ಅಂತ ಅಮ್ಮ ಎರಡು ಸಲ ಅಂದರು. "ನಾನೇ ಬಂದು ಕರ್ಕೊಂಡು ಹೋಗ್ತೀನಿ ಮಾ," ಅಂದಳು.